ನಾಲಿಗೆಯ ಕೆಳಗಿನ ಮಾತ್ರೆ

ನಾವು ಚಿಕ್ಕವರಿದ್ದ ಕಾಲದಲ್ಲಿ ಔಷಧಿ ಎಂದರೆ ಯಾರಿಗೂ ಅಂಗಡಿ ನೆನಪಾಗುತ್ತಿರಲಿಲ್ಲ, ಒರಳುಕಲ್ಲು ನೆನಪಾಗುತ್ತಿತ್ತು. ಕಣ್ಣು ಕೆಂಪಾದರೆ ಊರಲ್ಲಿ ಬಾಣಂತಿ ಯಾರಿದ್ದಾರೆಂದು ವಿಚಾರಿಸಿ, ಅವಳ ಮಡಿಲಲ್ಲಿ ನಮ್ಮ ತಲೆ ಇಡಿಸಿ, ಕಣ್ಣಿಗೆ ಎರಡು ಹನಿ ಎದೆಹಾಲು ಬಿಡಿಸುತ್ತಿದ್ದರು. ಮೂಗು ಕಟ್ಟಿದರೆ ತುಂಬೆ ಸೊಪ್ಪಿನ ರಸವನ್ನು ಮೂಗಿಗೇ ಹಿಂಡುತ್ತಿದ್ದರು. ಆ ಉರಿ ತಡೆಯಲಾರದೆ ಅಂಗಳದ ತುಂಬ ಓಡಾಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಹಸುಗೂಸು ಹೊಟ್ಟೆ ಉಬ್ಬರಿಸಿಕೊಂಡು ಅತ್ತರೆ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಹಿಂದಿನಿಂದ ಇಡುತ್ತಿದ್ದರು, ಸ್ವಲ್ಪ ಹೊತ್ತಿಗೆ ಕೂಸು ಹಗುರಾಗಿ ನಗುತ್ತಿತ್ತು. ಇವೆಲ್ಲ ಹೆಂಗಸರ ಮದ್ದು. ನಮ್ಮ ಮನೆಯ ಗಂಡಸರು ಇವನ್ನು ಔಷಧಿ ಎಂದೇ ಒಪ್ಪುತ್ತಿರಲಿಲ್ಲ. ಔಷಧಿಯಾದರೆ ಅದು ಗಂಟಲಿನಿಂದ ಇಳಿಯಬೇಕು, ಹೊಟ್ಟೆಗೆ ಬೀಳಬೇಕು. ಅವರಿಗೆ ಹಾಗೆ ಅನ್ನಿಸಲು ಕಾರಣವಿತ್ತು. ಅವರು ಕುರಿ ಕಾಯುವವರು.

ನಮ್ಮದು ಶ್ರೀರಾಂಪುರದ ಪಕ್ಕದ ಹಳ್ಳಿ. ಒಂದಿಷ್ಟು ರಾಗಿ ಹೊಲವಿತ್ತು, ಅದನ್ನು ಅಪ್ಪ ಅವ್ವ ನೋಡಿಕೊಳ್ಳುತ್ತಿದ್ದರು. ಕುರಿ ಅಜ್ಜನದು ಮತ್ತು ದೊಡ್ಡಪ್ಪನದು. ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಅವರಿಬ್ಬರೂ ಮಂದೆ ಹೊಡೆದುಕೊಂಡು ಹೊಳಲ್ಕೆರೆಯ ದಾರಿ ಹಿಡಿದು ಭರಮಸಾಗರದ ಕಡೆಗೆ ಹೋಗಿಬಿಡುತ್ತಿದ್ದರು. ಅಲ್ಲಿ ದೊಡ್ಡ ಕೆರೆ, ಕೆರೆಯ ಹಿಂದೆ ಮುಂದೆ ಹೊಲಗಳು. ರಾತ್ರಿ ರೈತರ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ನಮಗೆ ಜೋಳವೋ ಕಾಳೋ. ಅಡುಗೆಗೆಂದು ಅಜ್ಜಿಯೂ ಹೋಗುತ್ತಿದ್ದಳು. ಎಪ್ಪತ್ತರ ದಶಕದ ಆ ಬೇಸಿಗೆ, ನಾನು ನಾಲ್ಕನೇ ಕ್ಲಾಸು ಮುಗಿಸಿದ್ದ ವರ್ಷ, ಅಪ್ಪ ನನ್ನನ್ನೂ ಬಸ್ಸಿನಲ್ಲಿ ಕರೆತಂದು ಅವರ ಬೀಡಿನಲ್ಲಿ ಬಿಟ್ಟು ಹೋದ.

ಬೀಡೆಂದರೆ ಏನಿಲ್ಲ. ಒಂದು ಬೇವಿನ ಮರ, ಮರಕ್ಕೆ ಒರಗಿಸಿದ ಕಂಬಳಿಯ ಗೂಡು, ಮೂರು ಕಲ್ಲಿನ ಒಲೆ, ಮುಳ್ಳು ಹೊಡೆದು ಮಾಡಿದ ಕುರಿ ರೊಪ್ಪ. ಎಲ್ಲಕ್ಕೂ ಒಂದೇ ವಾಸನೆ. ಕಂಬಳಿಗೆ, ಮುದ್ದೆಗೆ, ಅಜ್ಜಿಯ ಸೆರಗಿಗೆ, ಕೊನೆಗೆ ನನ್ನ ಕೂದಲಿಗೂ ಕುರಿಯದೇ ವಾಸನೆ. ಮೊದಲ ದಿನ ಮೂಗು ಮುಚ್ಚಿಕೊಂಡವಳು ಮೂರನೆಯ ದಿನಕ್ಕೆ ಅದನ್ನು ಮರೆತೇಬಿಟ್ಟೆ. ಬೆಳಿಗ್ಗೆ ಜೋಳದ ರೊಟ್ಟಿಗೆ ಹಸಿ ಈರುಳ್ಳಿ, ಶೇಂಗಾ ಚಟ್ನಿ. ಸಂಜೆ ಮುದ್ದೆ, ಹುರುಳಿ ಕಟ್ಟಿನ ಸಾರು. ಯಾವುದಾದರೂ ಕುರಿ ಈದರೆ ಮಾರನೆಯ ದಿನ ಗಿಣ್ಣು. ಮಧ್ಯಾಹ್ನದ ಬಿಸಿಲಿಗೆ ಅಜ್ಜಿ ಮರದಡಿ ನೆಲದಲ್ಲೇ ಅಳಗುಳಿ ತೋಡುತ್ತಿದ್ದಳು. ಹುಣಿಸೆ ಬೀಜಕ್ಕೆ ಎಲ್ಲಿ ಹೋಗುವುದು? ಒಣಗಿದ ಕುರಿ ಹಿಕ್ಕೆಯೇ ನಮ್ಮ ಕಾಯಿ. ಅಜ್ಜಿ ಒಂದು ಚಿಟಿಕೆ ನಶ್ಯ ಏರಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಆಡಲು ಕೂತರೆ ಯಾರೂ ಗೆಲ್ಲುವ ಹಾಗಿರಲಿಲ್ಲ.

ಕುರಿಗಳಿಗೆ ಔಷಧಿ ಕುಡಿಸುವುದನ್ನು ನಾನು ಹತ್ತಿರದಿಂದ ನೋಡಿದ್ದು ಅಲ್ಲಿಯೇ. ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆಗೆ ಗೊಟ್ಟ ಎನ್ನುತ್ತಿದ್ದರು. ಅಜ್ಜ ಕುರಿಯ ಹಿಂದೆ ಮೊಣಕಾಲೂರಿ, ಅದರ ಕತ್ತನ್ನು ತೊಡೆಗಳ ನಡುವೆ ಹಿಡಿದು, ಎಡಗೈಯಲ್ಲಿ ಗದ್ದ ಎತ್ತುತ್ತಿದ್ದ. ಹೆಬ್ಬೆರಳು ತುಟಿಯ ಮೂಲೆಗೆ ಹೋಗುತ್ತಿತ್ತು, ಗೊಟ್ಟ ಅದರ ಹಿಂದೆ. ಔಷಧಿ ಸುರಿದ ಮೇಲೆ ಮೂತಿ ಮುಚ್ಚಿ ಹಿಡಿದು ಗಂಟಲನ್ನು ಮೇಲಿನಿಂದ ಕೆಳಕ್ಕೆ ನೀವುತ್ತಿದ್ದ. ಗುಟುಕ್ ಎಂದು ಇಳಿದದ್ದು ಕೈಗೆ ತಿಳಿದ ಮೇಲೆಯೇ ಬಿಡುವುದು. “ಆತು, ಹೋತು, ಒಳಕ್ಕೆ ಹೋತು” ಎಂದು ಪ್ರತಿ ಕುರಿಗೂ ಹೇಳುತ್ತಿದ್ದ, ಅತ್ತ ಮಗುವನ್ನು ಸಮಾಧಾನ ಮಾಡುವವನ ಹಾಗೆ. ಕೆಲವು ಕುರಿಗಳು ಜಾಣೆಯರು. ಸೊಪ್ಪಿನ ಚರಟವನ್ನು ನಾಲಿಗೆಯ ಬುಡದಲ್ಲಿ ಅವುಚಿಕೊಂಡಿದ್ದು ಆಮೇಲೆ ಉಗುಳಿಬಿಡುತ್ತಿದ್ದವು. ಅಂಥವಕ್ಕೆ ಅಜ್ಜ ಬಾಯೊಳಗೆ ಬೆರಳು ಆಡಿಸಿ, “ಕಳ್ಳಿ, ನಾಲ್ಗೆ ಬುಡಕ್ಕೆ ಇಟ್ಕಂಡೀಯಾ? ನುಂಗು” ಎಂದು ಮತ್ತೆ ಗಂಟಲು ನೀವುತ್ತಿದ್ದ. ದೊಡ್ಡಪ್ಪನೂ ಚಿಕ್ಕ ಹುಡುಗನಾಗಿದ್ದಾಗಿನಿಂದ ಇದನ್ನೇ ಕಲಿತವನು. ಅಕ್ಕಪಕ್ಕದ ಬೀಡಿನವರು ಉಬ್ಬರ ಬಂದ ಕುರಿಗೆ ಔಷಧಿ ಹಾಕಿಸಲು ದೊಡ್ಡಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನ ಕೈಯಲ್ಲಿ ಒಂದು ಕುರಿಯೂ ಕೆಮ್ಮುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆರೆಯ ಏರಿ ಹತ್ತುವಾಗ ಅಜ್ಜ ನಡುವೆ ಕೂತುಬಿಟ್ಟ. ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದ. ಹಣೆಯಲ್ಲಿ ಬೆವರು.

“ಏನಾತಪ್ಪ?” ಎಂದು ದೊಡ್ಡಪ್ಪ ಓಡಿ ಬಂದ.

“ಏನೋ ವಾಯು ಕಣ್ಲಾ. ಎದೆ ಮ್ಯಾಲೆ ಟಗರು ಕುಂತಂಗೈತೆ.”

ಅಜ್ಜಿ ಓಮಿನ ಕಷಾಯ ಕಾಸಿದಳು, ಎಣ್ಣೆ ತಿಕ್ಕಿದಳು. ನೋವು ತಾನಾಗಿ ಹೋಯಿತು. ಎರಡು ದಿನ ಬಿಟ್ಟು ಮತ್ತೆ ಬಂತು, ಈ ಸಲ ಎಡಗೈಗೂ ಇಳಿಯಿತು. ನಾವು ಮಂದೆ ನಿಲ್ಲಿಸಿದ್ದ ಹೊಲದ ಗೌಡರು ಬಂದು ನೋಡಿ, “ಇದು ವಾಯು ಅಲ್ಲಮ್ಮ, ತಡ ಮಾಡ್ಬ್ಯಾಡ್ರಿ, ದುರ್ಗಕ್ಕೆ ಕರ್ಕಂಡು ಹೋಗ್ರಿ” ಎಂದರು. ಮಂದೆ ಬಿಟ್ಟು ದೊಡ್ಡಪ್ಪ ಬರುವಂತಿರಲಿಲ್ಲ. ಅಜ್ಜಿಗೆ ಓದು ಬಾರದು. ಬೋರ್ಡು ಓದಲು ಒಬ್ಬರು ಬೇಕಲ್ಲ ಎಂದು ನನ್ನನ್ನೂ ಬಸ್ಸು ಹತ್ತಿಸಿದರು.

ಚಿತ್ರದುರ್ಗದ ಆ ಡಾಕ್ಟರಿಗೆ ಕೂದಲು ನೆರೆತಿತ್ತು, ಆತುರವಿರಲಿಲ್ಲ. ಅಜ್ಜನ ಎದೆಗೆ ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಗುಂಡಿಗೆಗೆ ರಕ್ತ ಹೋಗುವ ದಾರಿ ಸಣ್ಣದಾಗಿದೆ ಎಂದರು. ಒಂದು ಪುಟ್ಟ ಗಾಜಿನ ಸೀಸೆ ತೆಗೆದು ಕೈಯಲ್ಲಿಟ್ಟರು. ಅದರೊಳಗೆ ಸಾಸಿವೆಗಿಂತ ಚೂರು ದೊಡ್ಡವು, ಬಿಳಿಯ ಮಾತ್ರೆಗಳು.

“ನೋವು ಬಂದ್ರೆ ನಿಂತ್ಕೋಬೇಡ, ಕೂತ್ಕೊ. ಒಂದು ಮಾತ್ರೆ ನಾಲಿಗೆ ಕೆಳಗೆ ಇಟ್ಕೊ. ನುಂಗಬೇಡ, ನೀರು ಕುಡೀಬೇಡ. ತಾನೇ ಕರಗುತ್ತೆ.”

ಅಜ್ಜ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. “ನುಂಗ್ದೇ ಇದ್ರೆ ಹೊಟ್ಟೆಗೆ ಹೆಂಗೆ ಹೋಗ್ತೈತ್ರಿ ಸ್ವಾಮಿ?”

“ಹೊಟ್ಟೆಗೆ ಹೋಗೋದೇ ಬೇಡ.”

“ಹೊಟ್ಟೆಗೆ ಹೋಗ್ದಿದ್ದು ಯಾವ ಸೀಮೆ ಔಸ್ದಿರಿ?”

ಡಾಕ್ಟರು ನಕ್ಕರು. “ಯಜಮಾನ, ದವಡೇಲಿ ಹೊಗೆಸೊಪ್ಪು ಇಟ್ಕೊಂಡಿದೀಯಲ್ಲ, ಅದನ್ನ ನುಂಗ್ತೀಯಾ?”

“ಅಯ್ಯೋ, ನುಂಗಿದ್ರೆ ಸತ್ತೇ ಹೋಗ್ತೀನಿ!”

“ನುಂಗ್ದೇ ಇದ್ರೂ ತಲೆಗೆ ಏರುತ್ತೋ ಇಲ್ವೋ?”

“ಏರ್ತೈತ್ರಿ. ಏರ್ಲಿ ಅಂತಲೇ ಇಟ್ಕಳಾದು.”

“ಹೆಂಗೆ ಏರ್ತು ಮತ್ತೆ? ಬಾಯೊಳಗಿನ ಚರ್ಮ ತೆಳ್ಳಗಿರುತ್ತೆ, ಅಲ್ಲಿಂದ ನೇರ ರಕ್ತಕ್ಕೆ ಹೋಗುತ್ತೆ. ಇದೂ ಹಂಗೇ. ಆದ್ರೆ ಮೊದ್ಲು ಆ ಹೊಗೆಸೊಪ್ಪು ಬಿಡ್ಬೇಕು ನೀನು.”

“ಅದನ್ನ ಬುಟ್ಟು ಬದುಕೋದಾದ್ರೆ ಈ ಮಾತ್ರೆ ಯಾಕ್ರಿ, ಹಂಗೇ ಹೋಗ್ತೀನಿ ಬುಡ್ರಿ” ಎಂದ ಅಜ್ಜ. ಅಜ್ಜಿ ಮೊಣಕೈಯಿಂದ ತಿವಿದಳು. ಡಾಕ್ಟರು ನನ್ನ ಕಡೆ ತಿರುಗಿ, “ನೀನು ಸ್ಕೂಲಿಗೆ ಹೋಗ್ತೀಯೇನಮ್ಮ? ಹಂಗಾದ್ರೆ ನೀನು ನೆನಪಿಟ್ಕೊ. ನುಂಗಿಸ್ಬಾರ್ದು. ಹೇಳು ನೋಡೋಣ” ಎಂದರು. ನಾನು ಪಾಠ ಒಪ್ಪಿಸುವವಳ ಹಾಗೆ ಕೈಕಟ್ಟಿ ಹೇಳಿದೆ.

ಬಸ್‌ಸ್ಟ್ಯಾಂಡಿಗೆ ವಾಪಸು ನಡೆಯುವ ಏರಿನಲ್ಲೇ ಅಜ್ಜನಿಗೆ ನೋವು ಬಂತು. ಒಂದು ಬಟ್ಟೆ ಅಂಗಡಿಯ ಜಗಲಿಯ ಮೇಲೆ ಕೂತ. ದವಡೆಯ ಹೊಗೆಸೊಪ್ಪು ಉಗಿದು, ಅಜ್ಜಿ ಕೊಟ್ಟ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡ. ನಾವಿಬ್ಬರೂ ಅವನ ಬಾಯನ್ನೇ ನೋಡುತ್ತ ನಿಂತೆವು. ಅಂಗಡಿಯವನೂ ಗಜಕಡ್ಡಿ ಹಿಡಿದು ಬಂದು ನೋಡಿದ. ಒಂದು ಬಸ್ಸು ಹೋಯಿತು. ಅಜ್ಜನ ಹುಬ್ಬಿನ ಗಂಟು ನಿಧಾನವಾಗಿ ಬಿಚ್ಚಿತು.

“ಇಳೀತು ಕಣೇ,” ಎಂದ ಅಜ್ಜಿಗೆ. “ಎದೆ ಮ್ಯಾಲಿಂದ ಟಗರು ಎದ್ದೋತು.” ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, “ಎದ್ದು ತಲೆ ಮ್ಯಾಲೆ ಹತ್ತೈತೆ ನೋಡು ಈಗ, ಢಣಢಣ ಗುಮ್ತೈತೆ” ಎಂದ. ಆ ಮಾತ್ರೆಗೆ ತಲೆನೋವು ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ಅಜ್ಜನ ಮುಖದಲ್ಲಿ ನಗು. ನನಗಂತೂ ಜಾದೂ ನೋಡಿದ ಹಾಗಾಗಿತ್ತು. ಅಷ್ಟು ಪುಟ್ಟ ಕಾಳು ನುಂಗದೆಯೇ ಅಜ್ಜನನ್ನು ಎಬ್ಬಿಸಿ ಕೂರಿಸಿತ್ತು. ಅದು ಇರುವವರೆಗೂ ಅಜ್ಜನಿಗೆ ಏನೂ ಆಗುವುದಿಲ್ಲ ಎಂದು ನಾನು ನಂಬಿದೆ. ಅಜ್ಜಿಯೂ ನಂಬಿದಳು ಎಂದು ಕಾಣುತ್ತದೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಬೀಡಿಗೆ ಬಂದು ಸಂಜೆ ಒಲೆಯ ಮುಂದೆ ಕೂತಾಗ ಅಜ್ಜ ಎಲ್ಲವನ್ನೂ ದೊಡ್ಡಪ್ಪನಿಗೆ ಬಣ್ಣಿಸಿದ. ದೊಡ್ಡಪ್ಪ ತಮಾಷೆಯ ಮನುಷ್ಯ. ಸೀಸೆ ಅಲ್ಲಾಡಿಸಿ ಕಿವಿಗೆ ಹಿಡಿದು, “ಅಲ್ಲಪ್ಪಾ, ನಾವು ಇಷ್ಟು ವರ್ಸ ನಾಲ್ಗೆ ಬುಡಕ್ಕೆ ಇಟ್ಕಂಡ ಕುರಿಗೆ ಬೈದ್ವಿ. ಈಗ ನೋಡಿದ್ರೆ ಕುರಿಗಳೇ ಡಾಕ್ಟ್ರು!” ಎಂದ.

“ನಗ್ಬ್ಯಾಡ್ಲೇ. ಹಂಗೇ ಇಟ್ಕಂಡ್ರೆ ಕೆಲ್ಸ ಮಾಡಾದು ಇದು.”

“ನೀನು ಇಟ್ಕಂತೀಯೋ ಉಗೀತೀಯೋ ಯಾವನಿಗೆ ಗೊತ್ತು? ಬಾಯಿ ತೆಗಿ, ಬೆರಳು ಆಡ್ಸಿ ನೋಡ್ತೀನಿ.”

“ಆಡ್ಸು ಬಾ, ಕಚ್ತೀನಿ.”

ಅಜ್ಜಿ ನಶ್ಯದ ಡಬ್ಬಿ ತಟ್ಟುತ್ತ, “ನಂದು ಹೊಟ್ಟೆಗೆ ಹೋಗ್ತೈತಾ? ಮೂಗಿಂದ ನೆತ್ತಿಗೆ ಹೋಗ್ತೈತೆ. ನಾನು ಹೇಳಿದ್ರೆ ನೀವು ಯಾವತ್ತು ಕೇಳಿದ್ರಿ” ಎಂದಳು. ಎಲ್ಲರೂ ನಕ್ಕೆವು. ನಾನು ಡಾಕ್ಟರು ನನ್ನಿಂದ ಒಪ್ಪಿಸಿಕೊಂಡ ಮಾತನ್ನು ದೊಡ್ಡಪ್ಪನಿಗೆ ಒಪ್ಪಿಸಿದೆ: ಕೂರಬೇಕು, ನಾಲಿಗೆಯ ಕೆಳಗೆ, ನುಂಗಬಾರದು, ನೀರು ಬೇಡ. “ಆತು ನಮ್ಮವ್ವ, ತಿಳೀತು” ಎಂದು ದೊಡ್ಡಪ್ಪ ನನ್ನ ಜಡೆ ಎಳೆದ. ಅವನಿಗೆ ತಿಳಿದಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಅಜ್ಜ ಸೀಸೆಯನ್ನು ಎಲೆಅಡಿಕೆಯ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಒಂದೆರಡು ಸಲ ಮಾತ್ರೆ ಇಟ್ಟುಕೊಂಡಿದ್ದೂ ಉಂಟು, ಪ್ರತಿ ಸಲವೂ ಮಾತ್ರೆ ಅವನನ್ನು ಬಿಡಿಸಿಕೊಂಡು ಬಂತು. ಕುರಿಯ ಹಿಂದೆ ಓಡುವುದನ್ನು ಬಿಟ್ಟು ಮರದಡಿ ಕೂತು ಕಂಬಳಿಗೆ ನೂಲು ತೆಗೆಯುತ್ತಿದ್ದ. ಮೊದಲ ಮಳೆ ಬಿತ್ತು. ನೆಲದಿಂದ ಎದ್ದ ಬಿಸಿ, ನೆನೆದ ಹಿಕ್ಕೆಯ ವಾಸನೆ, ಕೆರೆಯ ಕಡೆಯಿಂದ ಕಪ್ಪೆಗಳ ಗದ್ದಲ. ಇನ್ನು ಬೀಡು ಕಿತ್ತು ಊರಿಗೆ ಹೋಗುವ ಮಾತು ಶುರುವಾಯಿತು. ಹೊಸ ಹುಲ್ಲು ಮೇಯುವ ಮುಂಚೆ ಮಂದೆಗೆಲ್ಲ ಹೊಟ್ಟೆಯ ಔಷಧಿ ಹಾಕಬೇಕು. ಪ್ರತಿ ವರ್ಷದ ಪದ್ಧತಿ ಅದು.

ಆ ಬೆಳಿಗ್ಗೆ ಅಜ್ಜಿ ಬೇವಿನ ಸೊಪ್ಪು, ಬೆಳ್ಳುಳ್ಳಿ, ಓಮು ಅರೆದು ಬೆಲ್ಲದ ನೀರಿಗೆ ಕದಡಿ ದೊಡ್ಡ ಬಾನಿ ತುಂಬಿಸಿಟ್ಟು, ತಾನು ಕೊಡ ಹಿಡಿದು ನೀರಿಗೆ ಹೋದಳು. ರೊಪ್ಪದ ಬಾಯಲ್ಲಿ ದೊಡ್ಡಪ್ಪ ಮೊಣಕಾಲೂರಿದ. ನಾನು ಬಾನಿಯಿಂದ ಗೊಟ್ಟಕ್ಕೆ ತುಂಬಿ ಕೊಡುವವಳು. ಅಜ್ಜನ ಕೆಲಸ ಕೂತಲ್ಲೇ. ಔಷಧಿ ಬಿದ್ದ ಕುರಿಯ ಹಣೆಗೆ ಕೆಮ್ಮಣ್ಣು ಬಳಿಯುವುದು. ದೊಡ್ಡಪ್ಪನ ಕೈ ಯಂತ್ರದ ಹಾಗೆ ಓಡುತ್ತಿತ್ತು. ಗದ್ದ ಎತ್ತು, ಹೆಬ್ಬೆರಳು, ಗೊಟ್ಟ, ಗಂಟಲು. “ಆತು, ಹೋತು, ಒಳಕ್ಕೆ ಹೋತು.” ಬಿಡು. ಮುಂದಿನದು. ನನ್ನ ಮೊಣಕೈವರೆಗೆ ಕಹಿ ನೀರು. ಅಜ್ಜ ಒಂದೊಂದು ಕುರಿಗೂ ಒಂದೊಂದು ಮಾತಾಡುತ್ತಿದ್ದ. “ಬಾರೇ ಕಿವುಡಿ. ನೀನ್ಯಾಕ್ಲೇ ಮಾರಿ ಹಿಂಗ್ ಮಾಡ್ತೀಯಾ, ಬೆಲ್ಲ ಹಾಕೈತೆ.”

ಸರದಿ ಟಗರಿಗೆ ಬಂತು. ಅದು ದೊಡ್ಡಪ್ಪನನ್ನು ಒಂದೇ ಏಟಿಗೆ ಉರುಳಿಸಿ ಎದ್ದಿತು. ದೊಡ್ಡಪ್ಪ ಅದರ ಕಾಲು ಬಿಡಲಿಲ್ಲ, ಕೆಸರಲ್ಲಿ ಎಳೆಸಿಕೊಂಡು ಹೋದ.

“ಕೊಂಬು ಹಿಡಿಯೋ, ಕೊಂಬು!” ಎಂದು ಕೂಗುತ್ತ ಅಜ್ಜ ತಾನೇ ಎದ್ದು ಓಡಿ ಟಗರಿನ ಕೊಂಬು ಹಿಡಿದ. ಇಬ್ಬರೂ ಸೇರಿ ಅದನ್ನು ಮಣಿಸಿದರು, ಔಷಧಿಯೂ ಬಿತ್ತು. ಅಜ್ಜ ನಗುತ್ತಲೇ ಹಿಂದಕ್ಕೆ ಬಂದ. ಕೂರಲು ಬಗ್ಗಿದವನು ಹಾಗೇ ಒಂದು ಪಕ್ಕಕ್ಕೆ ವಾಲಿದ.

ಅವನಿಗೆ ಮಾತು ಹೊರಡಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೈ ಸೊಂಟದ ಸಂಚಿಯನ್ನು ಹುಡುಕುತ್ತಿತ್ತು. ನಾನು ಸಂಚಿ ಕಿತ್ತು ಸೀಸೆ ತೆಗೆದೆ. ಅದರ ಬಾಯಿಗೆ ತುರುಕಿದ್ದ ಹತ್ತಿ ನನ್ನ ಒದ್ದೆ ಬೆರಳಿಗೆ ಬರಲಿಲ್ಲ. ದೊಡ್ಡಪ್ಪ ಓಡಿ ಬಂದು ಸೀಸೆ ಕಸಿದುಕೊಂಡು, ಹಲ್ಲಿನಿಂದ ಹತ್ತಿ ಎಳೆದು, ಒಂದು ಮಾತ್ರೆ ಅಂಗೈಗೆ ಬಡಿದುಕೊಂಡ. ಸೀಸೆ ಅವನ ಕೈಯಿಂದ ಜಾರಿ ಬಿತ್ತು.

“ನಾಲ್ಗೆ ಕೆಳಗೆ ದೊಡ್ಡಪ್ಪಾ!” ಎಂದು ನಾನು ಕೂಗಿದೆ. “ನುಂಗಿಸ್ಬ್ಯಾಡ! ನುಂಗಿಸ್ಬ್ಯಾಡ!”

ಅಷ್ಟರಲ್ಲಿ ದೊಡ್ಡಪ್ಪ ಅಜ್ಜನ ಹಿಂದೆ ಮೊಣಕಾಲೂರಿದ್ದ. ಅಜ್ಜನ ತಲೆ ಅವನ ತೊಡೆಗಳ ನಡುವೆ ಇತ್ತು. ಎಡಗೈ ಗದ್ದವನ್ನು ಎತ್ತಿತ್ತು. ಹೆಬ್ಬೆರಳು ತುಟಿಯ ಮೂಲೆಯಿಂದ ಒಳಗೆ ಹೋಗಿ, ಮಾತ್ರೆ ನಾಲಿಗೆಯ ಹಿಂದಕ್ಕೆ ಬಿತ್ತು. ಪಕ್ಕದ ಬಿಂದಿಗೆಗೆ ಗೊಟ್ಟ ಅದ್ದಿ ನೀರು ತೆಗೆದು ಸುರಿದ. ಅಜ್ಜ ತಲೆ ಅಲ್ಲಾಡಿಸಲು ನೋಡಿದ. ಅವನ ಕಣ್ಣು ನನ್ನ ಮೇಲಿತ್ತು, ನನಗೆ ಏನೋ ಹೇಳುವಂತೆ ಅಗಲವಾಗಿ ತೆರೆದಿತ್ತು. ಆದರೆ ದೊಡ್ಡಪ್ಪನ ಹಿಡಿತದಿಂದ ಟಗರೂ ಕೊನೆಗೆ ತಪ್ಪಿಸಿಕೊಂಡಿರಲಿಲ್ಲ. ಬಾಯಿ ಮುಚ್ಚಿ ಹಿಡಿದು, ಗಂಟಲನ್ನು ಮೇಲಿನಿಂದ ಕೆಳಕ್ಕೆ ನೀವಿದ. ಒಂದು ಸಲ. ಇನ್ನೊಂದು ಸಲ.

“ಆತಪ್ಪ, ಹೋತು, ಒಳಕ್ಕೆ ಹೋತು” ಎಂದ. ಎಷ್ಟು ಪ್ರೀತಿಯಿಂದ ಹೇಳಿದ ಎಂದರೆ, ಈಗಲೂ ಆ ದನಿ ನನ್ನ ಕಿವಿಯಲ್ಲಿದೆ.

ಆಮೇಲೆ ನಾವಿಬ್ಬರೂ ಕಾದೆವು. ಬಟ್ಟೆ ಅಂಗಡಿಯ ಜಗಲಿಯಲ್ಲಿ ಬಿಚ್ಚಿದ ಹಾಗೆ ಹುಬ್ಬಿನ ಗಂಟು ಬಿಚ್ಚಲಿಲ್ಲ. “ಇಳಿಲಿಲ್ಲವೇನಪ್ಪ? ಇಳಿತೈತೆ ತಾಳು” ಎನ್ನುತ್ತ ದೊಡ್ಡಪ್ಪ ಎದೆ ತಿಕ್ಕುತ್ತಿದ್ದ. ನಾನು ಇನ್ನೊಂದು ಮಾತ್ರೆಗಾಗಿ ಸೀಸೆ ನೋಡಿದರೆ ಅದು ಖಾಲಿ. ಮಾತ್ರೆಗಳೆಲ್ಲ ನೆಲಕ್ಕೆ ಚೆಲ್ಲಿದ್ದವು, ಮಳೆಗೆ ನೆಂದ ಮಣ್ಣಿನಲ್ಲಿ, ಕುರಿಗಳು ತುಳಿದ ಕೆಸರಿನಲ್ಲಿ. ಬಾಯಿಯ ತೇವಕ್ಕೇ ಕರಗಬೇಕೆಂದು ಮಾಡಿದ ಮಾತ್ರೆಗಳು, ಆ ಕೆಸರಿನ ತೇವಕ್ಕೆ ಎಷ್ಟು ಹೊತ್ತು ತಡೆದಾವು? ಹಿಕ್ಕೆಗಳ ನಡುವೆ ಬೆಳ್ಳಗೆ ಕಂಡ ಎರಡು ಮೂರನ್ನು ಹೆಕ್ಕಿ ಮುಷ್ಟಿ ಬಿಗಿದುಕೊಂಡು ಅಜ್ಜನ ಹತ್ತಿರ ಓಡಿದೆ. ಬಿಚ್ಚಿ ನೋಡಿದರೆ ಅಂಗೈಯ ಕಹಿ ನೀರಿನಲ್ಲಿ ಅವು ಹಿಟ್ಟಾಗಿದ್ದವು. ಅಷ್ಟನ್ನೇ ಬೆರಳ ತುದಿಗೆ ಬಳಿದುಕೊಂಡು ಅಜ್ಜನ ನಾಲಿಗೆಯ ಕೆಳಗೆ ತೂರಿಸಿದೆ. ಅಲ್ಲಿ ಮೆತ್ತಗೆ, ಬೆಚ್ಚಗೆ ಇತ್ತು. ಅಜ್ಜ ತುಟಿ ಕೂಡಿಸಿ ನನ್ನ ಬೆರಳನ್ನು ಹಾಗೆಯೇ ಹಿಡಿದುಕೊಂಡ, ಹಲ್ಲು ತಾಗಿಸಲಿಲ್ಲ. ನಾನು ಬೆರಳು ತೆಗೆಯಲಿಲ್ಲ. ತೆಗೆಯಬೇಕೋ ಬೇಡವೋ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿ ಕೊಡ ಹೊತ್ತು ಬರುವುದು ದೂರದಿಂದ ಕಂಡಿತು. ದೊಡ್ಡಪ್ಪ ಗೌಡರ ಮನೆಯ ಕಡೆ ಗಾಡಿಗೆ ಓಡಿದ್ದ. ಗಾಡಿ ಬಂತು, ಅಜ್ಜನನ್ನು ಮಲಗಿಸಿದೆವು, ಟಾರು ರಸ್ತೆಯವರೆಗೂ ಎತ್ತುಗಳನ್ನು ಓಡಿಸಿದರು. ಅಲ್ಲಿ ನಿಂತ ಲಾರಿಯ ಡ್ರೈವರು ಇಳಿದು ಬಂದು ಅಜ್ಜನ ಮುಖ ನೋಡಿ, “ಎಲ್ಲಿಗೆ, ದುರ್ಗಕ್ಕಾ?” ಎಂದು ಕೇಳಿದ. ಅಜ್ಜಿ ಅಜ್ಜನ ಕಣ್ಣು ಮುಚ್ಚಿಸಿದಳು. ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು, “ನಿಮ್ಮೂರು ಯಾವ್ದು ಹೇಳ್ರಿ, ಬಿಟ್ಟು ಬರ್ತೀನಿ” ಎಂದ.

ನಮ್ಮ ಹೊಲದ ಬದುವಿನಲ್ಲೇ ಅಜ್ಜನನ್ನು ಮಣ್ಣು ಮಾಡಿದರು. ಬಂದವರೆಲ್ಲ ಒಂದೇ ಮಾತು ಹೇಳಿದರು: ಮಗ ಪಕ್ಕದಲ್ಲೇ ಇದ್ದ, ಔಷಧಿಯನ್ನೂ ಕುಡಿಸಿದ, ಆಯಸ್ಸು ಮುಗಿದಿತ್ತು, ಯಾರು ಏನು ಮಾಡಲಾದೀತು. ದೊಡ್ಡಪ್ಪ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ. ನಾನು ಅವ್ವನ ಹಿಂದೆ ಕೂತಿದ್ದೆ. ಆ ಮನೆಯಲ್ಲಿದ್ದವರಲ್ಲಿ, ಬೀಡಿನಲ್ಲಿ ಆಗಿದ್ದೇನೆಂದು ತಿಳಿದವರು ನಾವಿಬ್ಬರೇ. ಇಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟು ಹೇಳುವುದಾದರೂ ಏನನ್ನು?

ಅರ್ಧ ಮಂದೆಗೆ ಔಷಧಿ ಬಿದ್ದಿತ್ತು, ಇನ್ನರ್ಧಕ್ಕೆ ಬೀಳಲೇ ಇಲ್ಲ. ಮಂದೆ ಊರಿಗೆ ಬಂದ ಮೇಲೆ ಅಪ್ಪ ಮತ್ತೆ ಮತ್ತೆ ಹೇಳಿದ, ದೊಡ್ಡಪ್ಪ ಹೂಂಗುಟ್ಟಿದ, ರೊಪ್ಪದವರೆಗೆ ಹೋದ, ಕುರಿಯ ಪಕ್ಕ ನಿಂತ, ವಾಪಸು ಬಂದ. ಆಮೇಲೆ ಪಕ್ಕದ ಊರಿನಿಂದ ಯಾರನ್ನೋ ಕರೆಸಿದರು. ಅವರ ಕೈಯಲ್ಲಿ ಕುರಿಗಳು ಕೆಮ್ಮಿದವು, ಔಷಧಿ ಪುಪ್ಪುಸಕ್ಕೆ ಹೋಗಿ ಕೆಲವು ಸತ್ತವು. ಉಬ್ಬರದ ಕುರಿ ಹೊತ್ತು ಮನೆ ಬಾಗಿಲಿಗೆ ಬಂದವರಿಗೆ ದೊಡ್ಡಪ್ಪ, “ನಂಗೆ ಈಗ ಕೈ ನಡುಗ್ತೈತೆ ಕಣ್ರಪ್ಪ, ಬೇರೆಯವರನ್ನ ನೋಡ್ಕಳ್ರಿ” ಎನ್ನುತ್ತಿದ್ದ. ಕೈ ನಡುಗುತ್ತಿರಲಿಲ್ಲ. ಅದೇ ಕೈಯಲ್ಲಿ ಅವನು ಸೂಜಿಗೆ ದಾರ ಪೋಣಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಕೆಲವು ವರ್ಷಕ್ಕೆ ಮಂದೆಯನ್ನು ಕೊಟ್ಟುಬಿಟ್ಟರು. ಕಂಬಳಿಯ ವಾಸನೆ ಮನೆಯಿಂದ ಹೋಗಲು ಇನ್ನೂ ಕೆಲವು ವರ್ಷ ಹಿಡಿಯಿತು.

ನಾನು ಹೈಸ್ಕೂಲಿಗೆ ಸೇರಿದ ಮೇಲೆ ದೊಡ್ಡಪ್ಪ ಒಮ್ಮೆ ನನ್ನನ್ನು ಕೇಳಿದ. ಸುತ್ತ ಯಾರೂ ಇರಲಿಲ್ಲ.

“ಅಲ್ಲವ್ವಾ, ಅದು ಒಳಕ್ಕೆ ಹೋಗಿತ್ತು. ಗಂಟ್ಲು ಇಳಿದಿದ್ದು ನನ್ನ ಕೈಗೆ ಗೊತ್ತಾತು. ಒಳಕ್ಕೆ ಹೋದ್ಮ್ಯಾಲೆ ಯಾಕೆ ಹಿಡೀಲಿಲ್ಲ?”

“ಗೊತ್ತಿಲ್ಲ ದೊಡ್ಡಪ್ಪ” ಎಂದೆ. ಅವನು ಮತ್ತೆ ಕೆಲವು ಸಲ ಕೇಳಿದ. ನನ್ನ ಮದುವೆಯ ಹಿಂದಿನ ದಿನ ಚಪ್ಪರದ ಕೆಳಗೆ ಒಮ್ಮೆ ಕೇಳಿದ್ದ. ಓದಿದವಳು ನಾನು, ಎಂದಾದರೂ ಉತ್ತರ ತಂದೇನು ಎಂದು ಕಾಯುತ್ತಿದ್ದನೋ ಏನೋ.

ಉತ್ತರ ಸಿಕ್ಕಿದ್ದು ಬಹಳ ತಡವಾಗಿ. ನಮ್ಮ ಅತ್ತೆಗೆ ಅದೇ ಕಾಯಿಲೆ ಬಂದು, ಅದೇ ಬಗೆಯ ಮಾತ್ರೆ ಬರೆದುಕೊಟ್ಟಾಗ ಡಾಕ್ಟರನ್ನು ಕೇಳಿದೆ, ನುಂಗಿದರೆ ಏನಾಗುತ್ತದೆ ಎಂದು. ಆ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. ಹೊಟ್ಟೆಗೆ ಹೋದದ್ದು ಮೊದಲು ಪಿತ್ತಜನಕಾಂಗಕ್ಕೆ ಹೋಗಬೇಕು, ಇಂಥ ಔಷಧಿಯನ್ನು ಅದು ಬಹುಪಾಲು ಅಲ್ಲೇ ಮುಗಿಸಿಬಿಡುತ್ತದೆ, ಗುಂಡಿಗೆಗೆ ತಲುಪುವುದು ಅಷ್ಟಕ್ಕಷ್ಟೆ. ನಾಲಿಗೆಯ ಕೆಳಗಿನ ತೆಳು ಚರ್ಮದಿಂದಾದರೆ ನೇರವಾಗಿ ರಕ್ತಕ್ಕೆ ಹೋಗುತ್ತದೆ. ಅಜ್ಜನ ವಿಷಯ ಹೇಳಿ, “ಸರಿಯಾಗಿ ಇಟ್ಟಿದ್ದರೆ ಬದುಕುತ್ತಿದ್ದರಾ?” ಎಂದು ಕೇಳಿದ್ದಕ್ಕೆ, “ಹೇಳೋಕಾಗಲ್ಲ. ದೊಡ್ಡ ಹಾರ್ಟ್ ಅಟ್ಯಾಕ್ ಆಗಿದ್ರೆ ಆ ಮಾತ್ರೆ ಏನೂ ಮಾಡ್ತಿರಲಿಲ್ಲ” ಎಂದರು. ನಾನು ಹೊತ್ತುಕೊಂಡು ಹೋಗಿದ್ದ ಒಂದು ಪ್ರಶ್ನೆಗೆ ಅವರು ಎರಡು ಉತ್ತರ ಕೊಟ್ಟು ಕಳಿಸಿದ್ದರು. ಎರಡರಲ್ಲಿ ಯಾವುದನ್ನು ದೊಡ್ಡಪ್ಪನಿಗೆ ಕೊಡುವುದು?

ಆ ಸಲ ಊರಿಗೆ ಹೋದಾಗ ದೊಡ್ಡಪ್ಪ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದ. ಕಣ್ಣು ಮಂಜಾಗಿತ್ತು. ನಾನು ಪಕ್ಕದಲ್ಲಿ ಕೂತು ಮಾತು ತೆಗೆದೆ. “ದೊಡ್ಡಪ್ಪ, ಅಜ್ಜನ ಮಾತ್ರೆ ವಿಷಯ ಡಾಕ್ಟರನ್ನ ಕೇಳ್ದೆ. ಅವ್ರು ಹೇಳಿದ್ರು, ಹೆಂಗೆ ಕೊಟ್ಟಿದ್ರೂ ಅಷ್ಟೇ ಅಂತ…”

ಅವನು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದ.

“ನೀನು ಕೂಗಿದ್ದು ನಂಗೆ ಕೇಳ್ಸಿತ್ತು ಕಣವ್ವಾ” ಎಂದ. “ಅವತ್ತೇ ಕೇಳ್ಸಿತ್ತು.”

ಅವನು ಕೈ ತೆಗೆಯಲಿಲ್ಲ. ಒಳಗಿನಿಂದ ಊಟಕ್ಕೆ ಕರೆಯುವವರೆಗೆ ಹಾಗೆಯೇ ಕೂತಿದ್ದೆವು.

ಮರುವರ್ಷ ದೊಡ್ಡಪ್ಪನೂ ಹೋದ. ಭರಮಸಾಗರದ ಆ ಹೊಲಗಳಿಗೆ ಈಗ ಗೊಬ್ಬರ ಚೀಲದಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಕುರಿಯ ಗದ್ದ ಹಿಡಿಯಬಲ್ಲವರು ಒಬ್ಬರೂ ಉಳಿದಿಲ್ಲ. ತಮ್ಮನ ಮಕ್ಕಳಿಗೆ ಕುರಿ ಎಂದರೆ ರಸ್ತೆಗೆ ಅಡ್ಡ ಬರುವ ಒಂದು ಪ್ರಾಣಿ. ಅದೆಲ್ಲ ಹೋಗುವಂಥದ್ದೇ, ಎಲ್ಲರ ಮನೆಯಿಂದಲೂ ಹೋಗಿದೆ, ಅದಕ್ಕೆ ನಾನು ಅಳುವುದಿಲ್ಲ. ಆದರೆ ಆ ಮಳೆಗಾಲದ ಬೆಳಿಗ್ಗೆ ಒಬ್ಬ ಪುಟ್ಟ ಹುಡುಗಿ ತನ್ನ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದ್ದಳು. ಆ ಕೂಗನ್ನು ಕೇಳಿದವರು ಈ ಲೋಕದಲ್ಲಿ ಇಬ್ಬರೇ. ಒಬ್ಬನ ಬಾಯನ್ನು ಇನ್ನೊಬ್ಬ ಮುಚ್ಚಿ ಹಿಡಿದಿದ್ದ. ಈಗ ಇಬ್ಬರೂ ಇಲ್ಲ.